ಹಿರಿಯ ಮಹಿಳೆಯರ ಕೈಯಲ್ಲಿ ಮೊಬೈಲ್

ಮಾನ್ಯ ಸಂಪಾದಕರೇ,

ಅರವತ್ತು ದಾಟಿದ ಹೆಂಗಸರು ಸದಾ ಮೊಬೈಲ್ ಹಿಡಿದು ಕೂರುತ್ತಾರೆಂದು ಮನೆಯವರು ಆಡಿಕೊಳ್ಳುವುದುಂಟು. ಗಂಡಸರ ವಿಷಯದಲ್ಲಿ ಈ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಗಂಡನನ್ನು ಕಳೆದುಕೊಂಡು, ಮಂಡಿನೋವಿನಿಂದ ಮೆಟ್ಟಿಲಿಳಿಯಲಾರದೆ ಕುಳಿತಿದ್ದ ನನ್ನ ಅತ್ತೆಯವರು ಹಳೆಯ ಸಹಪಾಠಿಗಳ ವಾಟ್ಸ್‌ಆ್ಯಪ್ ಗ್ರೂಪ್ ಸೇರಿದ ಮೇಲೆ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಒಂದೇ ಬೆರಳಲ್ಲಿ ಅಕ್ಷರ ಹುಡುಕುತ್ತಾ, ಅದೂ ಆಗದಿದ್ದರೆ ಧ್ವನಿಸಂದೇಶ ಕಳಿಸುತ್ತಾ, ಮತ್ತೆ ಯಾರದೋ ಗೆಳತಿಯಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಂಟಿತನವನ್ನು ಆರೋಗ್ಯದ ಪ್ರಶ್ನೆಯೆಂದೇ ಪರಿಗಣಿಸಿ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾಮಾಜಿಕ ಸಂಪರ್ಕ ಕುರಿತ ಆಯೋಗವನ್ನು ರಚಿಸಿರುವಾಗ, ಇದನ್ನು ಬರೀ ಕಾಲಹರಣ ಎನ್ನುವುದು ಸರಿಯಲ್ಲ.

ಹಾಗೆಂದು ಎಲ್ಲ ಬಳಕೆಯೂ ಒಂದೇ ಅಲ್ಲ. ಮಾತುಕತೆಯಿಂದ ಮನಸ್ಸು ಹಗುರಾದರೆ, ಇತರರ ಪ್ರವಾಸದ, ಮೊಮ್ಮಕ್ಕಳ ಚಿತ್ರಗಳನ್ನು ನಡುರಾತ್ರಿಯವರೆಗೆ ಸುಮ್ಮನೆ ಸರಿಸುತ್ತಾ ಹೋಗುವುದು ನಿದ್ದೆಯನ್ನೂ ನೆಮ್ಮದಿಯನ್ನೂ ಕೆಡಿಸಬಹುದು. ಸುಳ್ಳು ಮದ್ದುಗಳ ಸಂದೇಶಗಳ ಕಾಟ ಬೇರೆ. ಪದೇ ಪದೇ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವ ಮಿತಿಯನ್ನು ವಾಟ್ಸ್‌ಆ್ಯಪ್ 2020ರಲ್ಲೇ ತಂದಿದ್ದರೂ, ಅಂಥ ಸಂದೇಶದ ಮೇಲೆ ಕಾಣುವ ಜೋಡಿ ಬಾಣದ ಗುರುತಿನ ಅರ್ಥವನ್ನು ಈ ಹಿರಿಯರಿಗೆ ತಿಳಿಸಿಕೊಟ್ಟವರು ವಿರಳ. ಮೊಬೈಲ್ ಕೊಡಿಸಿ ಕೈತೊಳೆದುಕೊಳ್ಳುವ ಮಕ್ಕಳು ವಾರಕ್ಕೊಂದು ಗಂಟೆ ಪಕ್ಕದಲ್ಲಿ ಕುಳಿತು, ಗ್ರೂಪಿನ ಸದ್ದಡಗಿಸುವುದನ್ನು, ಅಪರಿಚಿತರನ್ನು ಬ್ಲಾಕ್ ಮಾಡುವುದನ್ನು, ಒಟಿಪಿಯನ್ನು ಯಾರಿಗೂ ಹೇಳಬಾರದೆಂಬುದನ್ನು ಬೇಸರಿಸದೆ ಕಲಿಸಿಕೊಡಲಿ.

– ಓದುಗರೊಬ್ಬರು