ಕಲಿಕೆಯ ಗುರಿ ಲಾಗ್‌ಬುಕ್ಕಿನ ಸಹಿಗೆ ಮುಗಿಯಬಾರದು: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನರ್ಸಿಂಗ್ ಪದವಿಯ ವಿದ್ಯಾರ್ಥಿಗಳು ಪ್ರತಿ ವಾರ್ಡ್ ಪೋಸ್ಟಿಂಗ್‌ನ ಮೊದಲ ದಿನ ‘ನನ್ನ ಕಲಿಕೆಯ ಗುರಿಗಳು’ ಎಂಬ ಹಾಳೆ ತುಂಬುತ್ತಾರೆ. ಸಂವಹನ ಕೌಶಲ ಹೆಚ್ಚಿಸಿಕೊಳ್ಳುವುದು, ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು, ರೋಗಿಗೆ ಗುಣಮಟ್ಟದ ಆರೈಕೆ ನೀಡುವುದು. ಹೆಸರು ಮುಚ್ಚಿ ಓದಿದರೆ ಯಾವ ಹಾಳೆ ಯಾರದೆಂದು ಹೇಳಲಾಗದು. ಕೊನೆಯ ದಿನ ಅದರ ಕೆಳಗೆ ಸಹಿ ಬೀಳುತ್ತದೆ. ನಡುವಿನ ವಾರಗಳಲ್ಲಿ ಅದನ್ನು ಯಾರೂ ತೆರೆದಿರುವುದಿಲ್ಲ.

ಈ ಹಾಳೆಯನ್ನು ಕಿತ್ತುಹಾಕಿ ಎಂದು ನಾವು ಕೇಳುತ್ತಿಲ್ಲ. ಅದು ಕೆಲಸಕ್ಕೆ ಬರುವಂತಾಗಲು ಎರಡು ಸಂಗತಿ ಬದಲಾಗಬೇಕು. ಹಾಳೆಯ ನಮೂನೆ ಬದಲಾಗಬೇಕು, ವಾರ್ಡಿನ ಹಿರಿಯ ನರ್ಸ್‌ಗೆ ಕಲಿಸುವ ಸಮಯ ಡ್ಯೂಟಿಯ ಒಳಗೇ ಸಿಗಬೇಕು. ಮೊದಲನೆಯದಕ್ಕೆ ಒಂದು ಸುತ್ತೋಲೆ ಸಾಕು. ಎರಡನೆಯದಕ್ಕೆ ಸಿಬ್ಬಂದಿ ಬೇಕು, ಅಂದರೆ ಹಣ ಬೇಕು. ಹಾಗಾಗಿಯೇ ಈ ಪತ್ರ ಕಾಲೇಜಿನ ಪ್ರಾಂಶುಪಾಲರಿಗಲ್ಲ, ತಮಗೆ.

ಮೊದಲು ಗುರಿಯ ಮಾತು. ‘ಸಂವಹನ ಸುಧಾರಣೆ’ ಎಂದು ಬರೆದರೆ ಅದು ಆಯಿತೋ ಇಲ್ಲವೋ ಎಂದು ನೋಡುವವರಿಗೂ ತಿಳಿಯದು, ಬರೆದವರಿಗೂ ತಿಳಿಯದು. ಅದೇ ಗುರಿಯನ್ನು ಹೀಗೆ ಬರೆಯಬಹುದು: ‘ಎರಡನೇ ವಾರದ ಕೊನೆಗೆ, ನನಗೆ ವಹಿಸಿದ ಮೂವರು ರೋಗಿಗಳ ಹ್ಯಾಂಡ್‌ಓವರನ್ನು ಎಸ್‌ಬಾರ್ ಕ್ರಮದಲ್ಲಿ, ತಲಾ ಎರಡು ನಿಮಿಷದೊಳಗೆ ಕೊಡುತ್ತೇನೆ, ಮುಂದಿನ ಪಾಳಿಯ ಸಿಸ್ಟರ್ ಮುಖ್ಯ ಮಾಹಿತಿಯನ್ನು ಮತ್ತೆ ಕೇಳುವಂತಾಗಬಾರದು.’ ಎಸ್‌ಬಾರ್ ಎಂದರೆ ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಕ್ರಮ ಇದು. ವಿದ್ಯಾರ್ಥಿಗಳು ಮೊದಲೆರಡು ಭಾಗ ಸಲೀಸಾಗಿ ಹೇಳುತ್ತಾರೆ. ಮೂರನೆಯದಕ್ಕೆ ಬಂದಾಗ ನಾಲಿಗೆ ತಡವರಿಸುತ್ತದೆ, ಏಕೆಂದರೆ ‘ನನಗೆ ಹೀಗನ್ನಿಸುತ್ತದೆ’ ಎನ್ನಲು ಯಾರೂ ಅವರಿಗೆ ಅವಕಾಶ ಕೊಟ್ಟಿರುವುದಿಲ್ಲ. ರಾತ್ರಿ ಎರಡು ಗಂಟೆಗೆ ರೋಗಿಯ ಸ್ಥಿತಿ ಕೆಟ್ಟು ವೈದ್ಯರಿಗೆ ಫೋನ್ ಮಾಡಬೇಕಾದಾಗ ಬೇಕಾಗುವುದು ಆ ಮೂರನೆಯ ಮತ್ತು ನಾಲ್ಕನೆಯ ಭಾಗವೇ.

ಗುರಿ ಎಷ್ಟು ಚಿಕ್ಕದಾಗಿರಬೇಕು ಎಂಬುದಕ್ಕೆ ಉಸಿರಾಟದ ಎಣಿಕೆಯನ್ನೇ ನೋಡಿ. ಮೊದಲ ವರ್ಷದಲ್ಲೇ ಕಲಿಸುವ ವಿಷಯ. ಮೂರನೇ ವರ್ಷದಲ್ಲೂ ಹೆಚ್ಚಾಗಿ ತಪ್ಪುವುದು ಇದೇ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ. ಒಂದು ಉಸಿರು ಲೆಕ್ಕ ತಪ್ಪಿದರೆ ಉತ್ತರದಲ್ಲಿ ನಾಲ್ಕರ ವ್ಯತ್ಯಾಸ. ಬ್ರಿಟನ್ನಿನಲ್ಲಿ 2012ರಲ್ಲಿ ಜಾರಿಗೆ ಬಂದ ‘ನ್ಯೂಸ್’ ಎಂಬ ಮುನ್ನೆಚ್ಚರಿಕೆ ಅಂಕಪಟ್ಟಿಯಲ್ಲಿ ನಿಮಿಷಕ್ಕೆ 12ರಿಂದ 20 ಉಸಿರಾದರೆ ಸೊನ್ನೆ ಅಂಕ, 21ರಿಂದ 24 ಆದರೆ ಎರಡು, 25 ಮತ್ತು ಮೇಲ್ಪಟ್ಟರೆ ಮೂರು. ಅಂದರೆ ನಿಜವಾಗಿ 24 ಇದ್ದು 20 ಎಂದು ಬರೆದರೆ ಎಚ್ಚರಿಕೆಯೇ ಅಳಿಸಿಹೋಗುತ್ತದೆ. ಹಾಳೆಯಲ್ಲಿ ಎಲ್ಲ ರೋಗಿಗಳಿಗೂ 20 ಎಂದೇ ಇದ್ದರೆ ಯಾರೂ ಎಣಿಸಿಲ್ಲ ಎಂದು ಅರ್ಥ ಮಾಡಿಕೊಳ್ಳಬಹುದು. ಇಲ್ಲಿ ಗುರಿ ‘ಜೀವಲಕ್ಷಣಗಳ ದಾಖಲಾತಿಯಲ್ಲಿ ಪ್ರಾವೀಣ್ಯ’ ಆಗಬಾರದು. ‘ಐದು ರೋಗಿಗಳ ಉಸಿರಾಟವನ್ನು, ನಾಡಿ ಹಿಡಿದಂತೆಯೇ ಕೈ ಇಟ್ಟುಕೊಂಡು, ಪೂರ್ತಿ 60 ಸೆಕೆಂಡು ಎಣಿಸುತ್ತೇನೆ, ಹಿರಿಯರು ಅದೇ ಹೊತ್ತಿಗೆ ಎಣಿಸಿದ ಅಂಕಿಗೂ ನನ್ನದಕ್ಕೂ ಎರಡಕ್ಕಿಂತ ಹೆಚ್ಚು ಅಂತರವಿರಬಾರದು’ ಎಂದಾಗಬೇಕು. ಕೈ ತೆಗೆಯದಿರುವುದು ಏಕೆಂದರೆ, ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದ ಕೂಡಲೇ ರೋಗಿಯ ಉಸಿರಾಟ ಬದಲಾಗುತ್ತದೆ.

ಡ್ರಿಪ್‌ನ ಲೆಕ್ಕವೂ ಹಾಗೆಯೇ. 500 ಮಿಲಿಲೀಟರ್ ದ್ರವ 4 ಗಂಟೆಯಲ್ಲಿ ಹೋಗಬೇಕು, ಹನಿ ಬೀಳಿಸುವ ಕೊಳವೆಯ ಸೆಟ್‌ನಲ್ಲಿ ಮಿಲಿಲೀಟರಿಗೆ 20 ಹನಿ. ಐನೂರನ್ನು ಇಪ್ಪತ್ತರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಪರೀಕ್ಷೆಯ ಹಾಲ್‌ನಲ್ಲಿ ಇದನ್ನು ಬಹುತೇಕ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ವಾರ್ಡಿನಲ್ಲಿ ತಪ್ಪುವುದು ಬೇರೆ ಕಡೆ: ಸೆಟ್‌ನ ಪೊಟ್ಟಣದ ಮೇಲಿನ ಸಂಖ್ಯೆಯನ್ನು ಓದುವುದಿಲ್ಲ. 15 ಹನಿಯ ಸೆಟ್ ಎಂದುಕೊಂಡು 31 ಹನಿಗೆ ಇಟ್ಟರೆ 4 ಗಂಟೆಯ ದ್ರವ ಮುಗಿಯಲು 5 ಗಂಟೆ 20 ನಿಮಿಷಕ್ಕೂ ಮೀರಿ ಹಿಡಿಯುತ್ತದೆ. ಸರಿಯಾಗಿ ಇಟ್ಟ ಮೇಲೂ ರೋಗಿ ಕೈ ಮಡಚಿದರೆ, ಸ್ಟ್ಯಾಂಡ್ ಎತ್ತರ ಬದಲಾದರೆ ಹನಿಯ ವೇಗ ಬದಲಾಗುತ್ತದೆ. ಆದ್ದರಿಂದ ಗುರಿಯೊಳಗೆ ಮೂರು ಕ್ರಿಯೆ ಬರಬೇಕು: ಪೊಟ್ಟಣ ಓದುವುದು, ಬಾಟಲಿಗೆ ಗಂಟೆಯ ಗುರುತಿನ ಪಟ್ಟಿ ಅಂಟಿಸುವುದು, ಹದಿನೈದು ನಿಮಿಷಕ್ಕೆ ಮರಳಿ ಬಂದು ಎಣಿಸುವುದು. ಲೆಕ್ಕ ಮಾಡುವುದು ಇದರಲ್ಲಿ ಅತಿ ಸುಲಭದ ಭಾಗ.

ಇಷ್ಟು ವಿವರ ತಮ್ಮ ಮುಂದೆ ಇಡುತ್ತಿರುವುದಕ್ಕೆ ಕಾರಣವಿದೆ. ಈಗಿನ ಲಾಗ್‌ಬುಕ್ ಸಂಖ್ಯೆಯನ್ನು ಮಾತ್ರ ಕೇಳುತ್ತದೆ: ಇಂಜೆಕ್ಷನ್ ಇಷ್ಟು, ಡ್ರೆಸ್ಸಿಂಗ್ ಇಷ್ಟು, ಕ್ಯಾಥೆಟರ್ ಇಷ್ಟು. ಒಂದೇ ತಪ್ಪನ್ನು ಐದು ಸಲ ಮಾಡಿದರೂ ಐದು ಸಹಿ ಸಿಗುತ್ತದೆ. ಪುರುಷ ರೋಗಿಗೆ ಮೂತ್ರದ ಕ್ಯಾಥೆಟರ್ ಹಾಕುವಾಗ ಮೂತ್ರ ಕಂಡ ಮೇಲೂ ಅದನ್ನು ಹೊರತುದಿಯ ಕವಲಿನ ತನಕ ಒಳಗೆ ಸರಿಸಿ, ಆಮೇಲಷ್ಟೇ ಅದು ಜಾರದಂತೆ ಹಿಡಿಯುವ ತುದಿಯ ಬಲೂನಿಗೆ ನೀರು ತುಂಬಬೇಕು. ಅವಸರದಲ್ಲಿ ಬಲೂನು ಮೂತ್ರನಾಳದಲ್ಲೇ ಉಬ್ಬಿದರೆ ಗಾಯ, ರಕ್ತಸ್ರಾವ. ತುಂಬುವುದು ಸ್ಟೆರೈಲ್ ನೀರು, ಪ್ರಮಾಣ ಕ್ಯಾಥೆಟರ್ ಮೇಲೆ ಮುದ್ರಿಸಿದಷ್ಟು. ತುಂಬುವಾಗ ತಡೆ ಕಂಡರೆ ಅಥವಾ ರೋಗಿ ನೋವೆಂದರೆ ಅಲ್ಲೇ ನಿಲ್ಲಿಸಬೇಕು. ‘ಕ್ಯಾಥೆಟರ್: 5’ ಎಂಬ ನಮೂದು ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ.

ಸಂಖ್ಯೆಯ ಕಾಲಮ್ಮಿನ ಜಾಗದಲ್ಲಿ ಹಂತದ ಕಾಲಮ್ ಬರಲಿ. ನೋಡಿದ್ದಾರೆ, ಕೈ ಹಿಡಿದು ಮಾಡಿಸಿದಾಗ ಮಾಡಿದ್ದಾರೆ, ಹಿರಿಯರ ಕಣ್ಣೆದುರು ತಾವೇ ಮಾಡಿದ್ದಾರೆ, ಹಿರಿಯರು ಕರೆದರೆ ಬರುವಷ್ಟು ದೂರದಲ್ಲಿರುವಾಗ ಒಬ್ಬರೇ ಮಾಡಿದ್ದಾರೆ. ಪ್ರತಿ ಹಂತಕ್ಕೂ ದಿನಾಂಕ, ನೋಡಿದವರ ಹೆಸರು, ಒಂದು ಸಾಲಿನ ಷರಾ. ‘ಚೆನ್ನಾಗಿದೆ’ ಎಂಬ ಷರಾಕ್ಕೆ ನಿಷೇಧವೇ ಇರಲಿ ಎನ್ನುತ್ತೇವೆ. ‘ಗ್ಲೌಸ್ ಹಾಕಿದ ಮೇಲೆ ಟ್ರಾಲಿಯ ಅಂಚು ಮುಟ್ಟಿದರು, ಹೇಳಿದ ತಕ್ಷಣ ಬದಲಿಸಿದರು’ ಎಂದು ಬರೆದರೆ ಮುಂದಿನ ವಾರ ಏನು ಕಲಿಯಬೇಕೆಂದು ಅದರಲ್ಲೇ ಇರುತ್ತದೆ.

ವೈದ್ಯಕೀಯ ಶಿಕ್ಷಣದಲ್ಲಿ ಇದು ಹೊಸ ವಿಚಾರವೇನಲ್ಲ. ಜಾರ್ಜ್ ಮಿಲ್ಲರ್ 1990ರಲ್ಲೇ ನಾಲ್ಕು ಮೆಟ್ಟಿಲು ತೋರಿಸಿದ್ದರು: ತಿಳಿದಿದೆ, ಹೇಗೆಂದು ತಿಳಿದಿದೆ, ಮಾಡಿ ತೋರಿಸಬಲ್ಲರು, ನಿತ್ಯದ ಕೆಲಸದಲ್ಲಿ ಮಾಡುತ್ತಾರೆ. ಬರಹದ ಪರೀಕ್ಷೆ ಎರಡನೇ ಮೆಟ್ಟಿಲಿಗೆ ನಿಲ್ಲುತ್ತದೆ. ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗುತ್ತಾ ಮಾಡಿ ತೋರಿಸುವ ಆಸ್ಕಿ ಪರೀಕ್ಷೆ ಮೂರನೆಯದರವರೆಗೆ ಬರುತ್ತದೆ. ನಾಲ್ಕನೆಯದು ವಾರ್ಡಿನಲ್ಲಿ, ಅದೂ ಯಾರಾದರೂ ನಿಂತು ನೋಡಿದಾಗ ಮಾತ್ರ ಕಾಣುತ್ತದೆ. ನಮ್ಮ ಅಂಕಪಟ್ಟಿಗಳ ಭಾರವೆಲ್ಲ ಕೆಳಗಿನ ಎರಡು ಮೆಟ್ಟಿಲ ಮೇಲಿದೆ.

ನಿಂತು ನೋಡುವವರು ಯಾರು ಎಂಬಲ್ಲಿ ಇಡೀ ವ್ಯವಸ್ಥೆ ಕುಸಿಯುತ್ತದೆ. ಕಾಲೇಜಿನ ಬೋಧಕರು ನಾಲ್ಕು ವಾರ್ಡುಗಳಲ್ಲಿ ಹರಡಿರುವ ವಿದ್ಯಾರ್ಥಿಗಳನ್ನು ಸುತ್ತಿ ಬರುವಷ್ಟರಲ್ಲಿ ಬೆಳಗಿನ ಔಷಧಿ ಮುಗಿದಿರುತ್ತದೆ. ವಾರ್ಡಿನ ಸಿಸ್ಟರ್‌ಗೆ ತನ್ನ ರೋಗಿಗಳೇ ಕೈತುಂಬ. ಅವರ ಬೆನ್ನಿಗೆ ಆರು ವಿದ್ಯಾರ್ಥಿಗಳನ್ನು ನಿಲ್ಲಿಸಿದರೆ ಕಲಿಕೆಯಾಗುವುದಿಲ್ಲ, ಸಹಿಯಾಗುತ್ತದೆ. ಅದೂ ಕೊನೆಯ ದಿನ, ಇಪ್ಪತ್ತು ಪುಸ್ತಕ ಒಟ್ಟಿಗೆ. ಒಬ್ಬ ಹಿರಿಯ ನರ್ಸ್‌ಗೆ ಇಬ್ಬರು ವಿದ್ಯಾರ್ಥಿಗಳಿಗಿಂತ ಹೆಚ್ಚು ವಹಿಸಬಾರದು. ಆ ಪಾಳಿಯಲ್ಲಿ ಅವರಿಗೆ ಕೊಡುವ ರೋಗಿಗಳ ಸಂಖ್ಯೆ ಕಡಿಮೆಯಿರಬೇಕು. ಕಲಿಸುವ ಪಾಳಿಗೆ ಭತ್ಯೆ ಮತ್ತು ಬಡ್ತಿಯಲ್ಲಿ ಲೆಕ್ಕ ಸಿಗಬೇಕು. ಈ ಮೂರೂ ತಮ್ಮ ಆದೇಶವಿಲ್ಲದೆ ಆಗುವುದಿಲ್ಲ. ಕಲಿಸುವವರಿಗೂ ಎರಡು ದಿನದ ತರಬೇತಿ ಬೇಕು: ಮಧ್ಯೆ ಕೈ ಹಾಕದೆ ನೋಡುವುದು ಹೇಗೆ, ರೋಗಿಗೆ ಅಪಾಯವೆನಿಸಿದ ಕ್ಷಣ ಯಾವ ಮಾತಿನಿಂದ ನಿಲ್ಲಿಸಬೇಕು, ತಪ್ಪನ್ನು ರೋಗಿಯ ಎದುರಲ್ಲದೆ ಅದೇ ಪಾಳಿಯೊಳಗೆ ಹೇಗೆ ಹೇಳಬೇಕು. ಅನುಭವಿ ನರ್ಸ್ ಅನುಭವಿ ಶಿಕ್ಷಕಿಯೂ ಆಗಿರುತ್ತಾರೆ ಎಂದು ಭಾವಿಸುವುದು ಸೋಮಾರಿತನ.

ಪೋಸ್ಟಿಂಗ್‌ನ ಮಧ್ಯದಲ್ಲಿ ವಿದ್ಯಾರ್ಥಿ, ಹಿರಿಯ ನರ್ಸ್, ಬೋಧಕರು ಮೂವರೂ ಕುಳಿತು ಅರ್ಧ ಗಂಟೆ ಗುರಿಗಳನ್ನು ತಿದ್ದುವುದು ಕಡ್ಡಾಯವಾಗಲಿ. ಕೊನೆಯಲ್ಲಿ ಕುಳಿತರೆ ತೀರ್ಪು ಕೊಡಬಹುದು, ಕಲಿಸಲಾಗುವುದಿಲ್ಲ. ವಾರ್ಡಿನಲ್ಲಿ ಆ ತಿಂಗಳು ಕ್ಯಾಥೆಟರ್ ಬೇಕಾದ ರೋಗಿಯೇ ಇಲ್ಲವೆಂದರೆ ಆ ಗುರಿಯನ್ನು, ಬೊಂಬೆಗಳ ಮೇಲೆ ಅಭ್ಯಾಸ ಮಾಡುವ ಸ್ಕಿಲ್ ಲ್ಯಾಬಿಗೆ ಸಾಗಿಸಬೇಕು. (ಬೊಂಬೆಗಳು ತಪಾಸಣೆಯ ದಿನದವರೆಗೆ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇರುವ ಲ್ಯಾಬ್‌ಗಳಿವೆ, ಬೀಗದ ಕೈ ಯಾರ ಬಳಿ, ಸಂಜೆ ಎಷ್ಟರ ತನಕ ತೆರೆದಿರುತ್ತದೆ ಎಂದು ತಪಾಸಣಾ ತಂಡ ಕೇಳಿದರೆ ಅರ್ಧ ಸಮಸ್ಯೆ ತೀರುತ್ತದೆ.)

ಗುರಿಗಳಿಗೆ ಅಂಕ ಕೊಡಬೇಡಿ. ಇದರಲ್ಲಿ ನಮ್ಮ ನಿಲುವು ಕಟ್ಟುನಿಟ್ಟು. ಅಂಕವಿದ್ದರೆ ವಿದ್ಯಾರ್ಥಿ ತನಗೆ ಈಗಾಗಲೇ ಬರುವುದನ್ನೇ ಗುರಿ ಎಂದು ಬರೆಯುತ್ತಾರೆ. ‘ಔಷಧಿಯ ಲೆಕ್ಕ ನನಗೆ ಗೊಂದಲ’ ಎಂದು ಬರೆಯುವವರಿಗೆ ದಂಡ, ‘ಹಾಸಿಗೆ ಸಜ್ಜುಗೊಳಿಸುವುದರಲ್ಲಿ ನಿಪುಣತೆ’ ಎಂದವರಿಗೆ ಬಹುಮಾನ. ಸ್ವಂತ ಅವಲೋಕನದ ಟಿಪ್ಪಣಿಗೂ ಇದೇ ಮಾತು. ಅರ್ಧ ಪುಟ ಸಾಕು: ನಾನು ಏನು ಗಮನಿಸಿದೆ, ಆಗ ಏನು ಮಾಡಿದೆ, ಮುಂದಿನ ಸಲ ಮೊದಲು ಏನು ನೋಡುತ್ತೇನೆ. ಆರು ಶೀರ್ಷಿಕೆಗಳ ಉದ್ದನೆಯ ನಮೂನೆ ಕೊಟ್ಟರೆ ಒಬ್ಬರದನ್ನು ಹತ್ತು ಜನ ನಕಲು ಮಾಡುತ್ತಾರೆ. ರೋಗಿಯ ಹೆಸರು, ಹಾಸಿಗೆ ಸಂಖ್ಯೆ, ಫೋಟೋ ಅದರಲ್ಲಿ ಬರಲೇಬಾರದು. ಪರೀಕ್ಷೆಯ ಅಂಕ ಪರೀಕ್ಷೆಯಲ್ಲಿ ಸಿಗಲಿ. ರೋಗಿಗೆ ಅಪಾಯ ತರುವಂಥ ತಪ್ಪು ಮರುಕಳಿಸಿದರೆ ಮಾತ್ರ ಅದು ಗುರಿ, ಷರಾ, ಟಿಪ್ಪಣಿಗಳ ಈ ಕಡತದಿಂದ ಹೊರಗೆ ಹೋಗಬೇಕು. ಆ ನಿಯಮ ಮೊದಲ ದಿನವೇ ಎಲ್ಲರಿಗೂ ಲಿಖಿತವಾಗಿ ಗೊತ್ತಿರಬೇಕು.

ವರ್ಷದಿಂದ ವರ್ಷಕ್ಕೆ ಗುರಿಯ ಜಾತಿಯೇ ಬದಲಾಗಬೇಕು. ಮೊದಲ ವರ್ಷ ಸರಿಯಾಗಿ ಅಳೆಯುವುದು. ಮುಂದೆ ಅಳತೆಗೂ ಕ್ರಿಯೆಗೂ ನಂಟು ಹಾಕುವುದು: ಹೃದಯದ ಔಷಧಿಯಾದ ಡಿಗಾಕ್ಸಿನ್ ಕೊಡುವ ಮುನ್ನ ಎದೆಯ ಮೇಲೆ ಸ್ಟೆತಸ್ಕೋಪಿಟ್ಟು ಒಂದು ಪೂರ್ತಿ ನಿಮಿಷ ಹೃದಯ ಬಡಿತ ಎಣಿಸಿ, ವಯಸ್ಕರಲ್ಲಿ 60ಕ್ಕಿಂತ ಕಡಿಮೆಯಿದ್ದರೆ ಮಾತ್ರೆ ತಡೆದು ವೈದ್ಯರಿಗೆ ತಿಳಿಸುವುದು, ಇನ್ಸುಲಿನ್‌ಗೆ ಮುಂಚೆ ಸಕ್ಕರೆ ಅಂಶದ ಜೊತೆಗೆ ಊಟ ಬಂದಿದೆಯೇ ಎಂದು ನೋಡುವುದು. ಕೊನೆಯ ವರ್ಷ ನಾಲ್ಕೈದು ರೋಗಿಗಳಲ್ಲಿ ಮೊದಲು ಯಾರ ಬಳಿ ಹೋಗಬೇಕು, ಏಕೆ ಎಂದು ಪಾಳಿಯ ಆರಂಭದಲ್ಲೇ ಹೇಳಿ, ಪಾಳಿ ಮುಗಿದ ಮೇಲೆ ಆ ಅಂದಾಜನ್ನು ಹಿರಿಯರೊಂದಿಗೆ ತಾಳೆ ನೋಡುವುದು. ಈಗ ನಾಲ್ಕನೇ ವರ್ಷದವರೂ ಮೊದಲ ವರ್ಷದ ಗುರಿಗಳನ್ನೇ ಇನ್ನಷ್ಟು ಗಂಭೀರ ಭಾಷೆಯಲ್ಲಿ ಬರೆಯುತ್ತಿದ್ದಾರೆ.

ವಿದ್ಯಾರ್ಥಿಯನ್ನು ಸಿಬ್ಬಂದಿ ಕೊರತೆ ತುಂಬುವ ಕೈಯೆಂದು ನೋಡುವವರೆಗೆ ಮೇಲಿನದ್ಯಾವುದೂ ನಡೆಯದು. ಸ್ಯಾಂಪಲ್ ಹೊತ್ತೊಯ್ಯುವುದು, ರಿಜಿಸ್ಟರ್ ತುಂಬುವುದು, ಟ್ರಾಲಿ ತಳ್ಳುವುದು ಕೀಳು ಕೆಲಸಗಳಲ್ಲ. ಆದರೆ ಅವೇ ಇಡೀ ದಿನವಾದರೆ ಗುರಿಯ ಹಾಳೆ ಸುಳ್ಳಾಗುತ್ತದೆ. ಪೋಸ್ಟಿಂಗ್ ಅವಧಿಯಲ್ಲಿ ವಿದ್ಯಾರ್ಥಿಗಳನ್ನು ಡ್ಯೂಟಿ ಪಟ್ಟಿಯ ಸಂಖ್ಯೆಯಲ್ಲಿ ಸೇರಿಸಬಾರದು, ಬೋಧಕರಾಗಲಿ ಹೊಣೆ ಹೊತ್ತ ಹಿರಿಯ ನರ್ಸ್ ಆಗಲಿ ಇಲ್ಲದ ರಾತ್ರಿ ಪಾಳಿಗೆ ಕಳಿಸಬಾರದು ಎಂದು ಆದೇಶವಾಗಲಿ.

ಪದವಿ ಮುಗಿದ ಮೇಲಿನ ಮೊದಲ ವರ್ಷದ ಬಗ್ಗೆಯೂ ಒಂದು ಮಾತು. ಪ್ಯಾಟ್ರಿಷಿಯಾ ಬೆನ್ನರ್ 1984ರಲ್ಲಿ ನರ್ಸ್‌ಗಳ ಬೆಳವಣಿಗೆಯನ್ನು ಹೊಸಬರಿಂದ ಪರಿಣತರವರೆಗೆ ಐದು ಹಂತಗಳಾಗಿ ವಿಂಗಡಿಸಿದರು. ಅದರಲ್ಲಿ ಮಧ್ಯದ ‘ಸಮರ್ಥ’ ಹಂತವೇ ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಕಳೆದವರದು. ಹಾಗಿರುವಾಗ ಪದವಿ ಪಡೆದ ವಾರವೇ ತೀವ್ರನಿಗಾ ಘಟಕದಲ್ಲಿ ಒಬ್ಬರನ್ನೇ ನಿಲ್ಲಿಸುವುದು ಯಾವ ಲೆಕ್ಕ? ಕಲಿಕೆಯ ಕಡತ ಕಾಲೇಜಿನಲ್ಲಿ ಧೂಳು ತಿನ್ನದೆ ಉದ್ಯೋಗಕ್ಕೆ ಜೊತೆಯಲ್ಲಿ ಹೋಗಲಿ; ಹೊಸ ನರ್ಸ್ ಯಾವ ಕೆಲಸವನ್ನು ಯಾವ ಹಂತದವರೆಗೆ ಮಾಡಬಲ್ಲರು ಎಂದು ವಾರ್ಡ್ ಇನ್‌ಚಾರ್ಜ್ ಮೊದಲ ದಿನವೇ ಓದಲಿ; ಮೊದಲ ಆರು ತಿಂಗಳು ಹೆಸರು ಹಿಡಿದು ಕೇಳಬಹುದಾದ ಒಬ್ಬ ಹಿರಿಯರು ಅದೇ ಪಾಳಿಯಲ್ಲಿರಲಿ. ನೋಂದಣಿ ನವೀಕರಣಕ್ಕೆ ಸಭಾಂಗಣದಲ್ಲಿ ಕುಳಿತೆದ್ದ ಪ್ರಮಾಣಪತ್ರಗಳ ಜೊತೆಗೆ ಈ ಕಡತದ ಎರಡು ನೈಜ ನಮೂದುಗಳನ್ನೂ ಕೇಳಲಿ.

ಎಲ್ಲವನ್ನೂ ಒಮ್ಮೆಗೇ ಎಲ್ಲೆಡೆ ಜಾರಿ ಮಾಡಿದರೆ ಹೊಸ ಹಾಳೆಯೂ ಹಳೆಯದರಂತೆಯೇ ತುಂಬಿಹೋಗುತ್ತದೆ. ಮುಂದಿನ ಸೆಮಿಸ್ಟರಿನಲ್ಲಿ ಒಂದು ಕಾಲೇಜು, ಅದಕ್ಕೆ ಸೇರಿದ ಆಸ್ಪತ್ರೆಯ ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡು, ಎರಡನೇ ವರ್ಷದ ಒಂದು ತಂಡ: ಇಷ್ಟರಿಂದ ಆರಂಭಿಸಲು ಒಪ್ಪಿಗೆ ಕೊಡಿ. ಅಲ್ಲಿ ಮೂರು ಸಂಗತಿಯನ್ನು ತಮ್ಮ ಇಲಾಖೆ ಪರಿಶೀಲಿಸಲಿ. ಮಧ್ಯಾವಧಿ ಭೇಟಿಗಳು ನಿಗದಿತ ವಾರದಲ್ಲೇ ನಡೆದವೇ, ಸಹಿಗಳ ದಿನಾಂಕ ಪೋಸ್ಟಿಂಗ್ ಉದ್ದಕ್ಕೂ ಹರಡಿವೆಯೇ ಇಲ್ಲ ಕೊನೆಯ ಎರಡು ದಿನಕ್ಕೆ ಗುಡ್ಡೆ ಬಿದ್ದಿವೆಯೇ, ಹಿರಿಯ ನರ್ಸ್‌ಗೆ ಹೇಳಿದಷ್ಟು ರೋಗಿಗಳ ಹೊರೆ ನಿಜಕ್ಕೂ ಇಳಿಯಿತೇ. ಮೂರಕ್ಕೂ ಉತ್ತರ ಡ್ಯೂಟಿ ಪಟ್ಟಿ ಮತ್ತು ಲಾಗ್‌ಬುಕ್‌ನಲ್ಲೇ ಸಿಗುತ್ತದೆ. ಬೇರೆ ವರದಿ ತರಿಸಬೇಕಾಗಿಲ್ಲ. ನಮೂನೆಯ ಕರಡನ್ನು ಸಿದ್ಧಪಡಿಸಿ ಕೊಡಲು ನಾವು ತಯಾರಿದ್ದೇವೆ.

ಇತಿ,
ನರ್ಸಿಂಗ್ ಬೋಧಕರು ಮತ್ತು ವಾರ್ಡ್ ಇನ್‌ಚಾರ್ಜ್‌ಗಳು