ಸ್ಪೀಡ್ ಎಷ್ಟು ಎನ್ನುವ ಮೊದಲು ರಿಪೇರಿ ಯಾರದು ಎಂದು ಕೇಳಿ

ಸಂಪಾದಕರಿಗೆ,

ಮಾನ್ಯರೇ,

ದಾವಣಗೆರೆಯಲ್ಲಿ ಮನೆಗೆ ಇಂಟರ್ನೆಟ್ ಹಾಕಿಸಬೇಕೆಂದರೆ ಈಗ ಆಯ್ಕೆಗೆ ಬರವಿಲ್ಲ. ವಿದ್ಯಾನಗರ, ಪಿ.ಜೆ. ಬಡಾವಣೆಯ ಕಂಬಗಳ ಮೇಲೆ ಹೊಸ ಹೊಸ ಕಪ್ಪು ಕೇಬಲ್‌ಗಳು ಹಾಯುತ್ತಲೇ ಇವೆ. ದೊಡ್ಡ ಕಂಪನಿಗಳ ಜತೆಗೆ ಹಿಂದೆ ಟಿ.ವಿ. ಕೇಬಲ್ ಕೊಡುತ್ತಿದ್ದವರೂ ಫೈಬರ್ (ಗಾಜಿನ ಎಳೆಯ ಕೇಬಲ್) ಎಳೆಯುತ್ತಿದ್ದಾರೆ. ಆದರೆ ಹಾಕಿಸುವವರು ಕೇಳುವುದು ಎರಡೇ ಪ್ರಶ್ನೆ: ಸ್ಪೀಡ್ ಎಷ್ಟು, ತಿಂಗಳಿಗೆ ಎಷ್ಟು? ಕೆಟ್ಟರೆ ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಅದನ್ನೇ ಮೊದಲು ಕೇಳಿ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ತೆರಿಗೆ ಸಲಹೆಗಾರ, ಮನೆಯೇ ಕಚೇರಿ. ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸಲು 20ನೇ ತಾರೀಖು ಕೊನೆ. ಅಂದು ಸಂಜೆ ಮೋಡೆಮ್‌ನಲ್ಲಿ ಕೆಂಪು ದೀಪ ಹೊತ್ತಿಕೊಂಡರೆ ವಿಳಂಬ ಶುಲ್ಕ ಬೀಳುವುದು ಅಂಗಡಿಯವರ ತಲೆಗೆ. ಮಂಡಿಪೇಟೆಯಿಂದ 50,000 ರೂಪಾಯಿ ಮೀರಿದ ಸರಕು ಹೊರಡಬೇಕಾದರೆ ಇ-ವೇ ಬಿಲ್, ಅಂದರೆ ಆನ್‌ಲೈನ್‌ನಲ್ಲಿ ಪಡೆಯುವ ಸಾಗಣೆ ಚೀಟಿ, ಬೇಕು. ನೆಟ್ ಇಲ್ಲದಿದ್ದರೆ ಲೋಡ್ ಆದ ಲಾರಿ ಅಲ್ಲೇ ನಿಂತಿರುತ್ತದೆ. ಬೆಂಗಳೂರಿನ ಕೆಲಸವನ್ನು ಮನೆಯಲ್ಲೇ ಕೂತು ಮಾಡುವ ಯುವಕರಿಗೂ, ಪಿ.ಜಿ.ಗಳಲ್ಲಿ ಆನ್‌ಲೈನ್ ಕೋಚಿಂಗ್ ಕೇಳುವ ವಿದ್ಯಾರ್ಥಿಗಳಿಗೂ ಇದೇ ಪಾಡು. ಇವರಲ್ಲಿ ಯಾರಿಗೂ 300 ಎಂಬಿಪಿಎಸ್ ಬೇಕಿಲ್ಲ. ನೆಟ್ ಹೋಗದಿದ್ದರೆ ಸಾಕು, ಹೋದರೂ ಅದೇ ದಿನ ಬಂದರೆ ಸಾಕು.

ಸ್ಪೀಡ್ ಒಂದು ಕಾಲಕ್ಕೆ ನಿಜವಾದ ಕೊರತೆಯಾಗಿತ್ತು. 2005ರಲ್ಲಿ ಬಿಎಸ್‌ಎನ್‌ಎಲ್ ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಶುರು ಮಾಡಿದಾಗ 256 ಕೆಬಿಪಿಎಸ್ ಇದ್ದರೆ ಸರ್ಕಾರದ ಲೆಕ್ಕದಲ್ಲಿ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಆ ಕನಿಷ್ಠ ಮಿತಿ 512 ಕೆಬಿಪಿಎಸ್ ಆಯಿತು, 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ (ಸುಮಾರು 2,000 ಕೆಬಿಪಿಎಸ್) ಏರಿತು. ಇಂದು ಫೈಬರ್‌ನ ಕಡಿಮೆ ದರದ ಪ್ಲಾನ್ ಕೂಡ ಅದಕ್ಕಿಂತ ಹಲವು ಪಟ್ಟು ವೇಗದ್ದು. ಒಳ್ಳೆಯ ಗುಣಮಟ್ಟದ ಒಂದು ವಿಡಿಯೊಗೆ 5 ಎಂಬಿಪಿಎಸ್ ಆಸುಪಾಸು ಸಾಕು; ನಾಲ್ಕು ಜನರ ಮನೆಗೆ 30–40 ಧಾರಾಳ. ಒಳಕೋಣೆಗೆ ವೈ-ಫೈ ತಲುಪದಿದ್ದರೆ ಅಡ್ಡ ನಿಂತಿರುವುದು ಗೋಡೆ. ದುಬಾರಿ ಪ್ಲಾನ್ ಹಾಕಿಸಿದರೆ ಗೋಡೆ ಕರಗುವುದಿಲ್ಲ.

ಬಿಲ್ಲಿನ ಮೇಲಿರುವ ಹೆಸರು ಒಂದು, ನಮ್ಮ ಬೀದಿಗೆ ಏಣಿ ಹೊತ್ತು ಬರುವವರು ಇನ್ನೊಬ್ಬರು. ಬಿಎಸ್‌ಎನ್‌ಎಲ್ ಸಹ ಮನೆಮನೆಗೆ ಫೈಬರ್ ಮುಟ್ಟಿಸುವ ಕೆಲಸವನ್ನು ವರಮಾನ ಹಂಚಿಕೆಯ ಮೇಲೆ ಸ್ಥಳೀಯ ಪಾಲುದಾರರಿಗೆ ವಹಿಸಿದೆ. ಹೀಗಾಗಿ ಒಂದೇ ಕಂಪನಿ ಒಂದು ಬಡಾವಣೆಯಲ್ಲಿ ಚೆನ್ನಾಗಿದ್ದು ಪಕ್ಕದ ಬಡಾವಣೆಯಲ್ಲಿ ಕೆಟ್ಟದಾಗಿರಬಹುದು. ಜಾಹೀರಾತಿಗಿಂತ ಪಕ್ಕದ ಮನೆಯವರ ಮಾತು ನಂಬಿ: ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಹೋಯಿತು, ಫೋನ್ ಮಾಡಿದರೆ ಎತ್ತಿದರೇ, ತುಂಡಾದ ಫೈಬರ್ ಬೆಸೆಯುವ ಯಂತ್ರ ಊರಲ್ಲೇ ಇದೆಯೇ? ಕರೆಂಟ್ ಹೋದಾಗ ಮನೆಯ ಮೋಡೆಮ್‌ಗೆ ನಾವು ಸಣ್ಣ ಯುಪಿಎಸ್ ಇಟ್ಟುಕೊಳ್ಳಬಹುದು. ಕಂಪನಿಯ ಕಡೆಯ ಯಂತ್ರಕ್ಕೆ ಬ್ಯಾಟರಿ ಇದೆಯೇ ಎಂಬುದನ್ನೂ ಕೇಳಿ.

ವರ್ಷದ ಹಣ ಒಮ್ಮೆಗೇ ಕಟ್ಟಿದರೆ ಒಂದೆರಡು ತಿಂಗಳು ಉಚಿತ ಎಂಬ ಆಸೆಗೆ ಮಾತ್ರ ಬೀಳಬೇಡಿ. ಮೊಬೈಲ್ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರಿಂದ ದೇಶದಾದ್ಯಂತ ಇದೆ. ಮನೆಯ ಬ್ರಾಡ್‌ಬ್ಯಾಂಡ್‌ಗೆ ಅಂಥದ್ದಿಲ್ಲ. ಬಿಡಬೇಕೆಂದರೆ ಹೊಸ ಕೇಬಲ್, ಹೊಸ ಮೋಡೆಮ್, ಹೊಸ ಠೇವಣಿ. ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ಕಟ್ಟಿ ನೋಡುವುದೇ ಲೇಸು. ಹೇಳಿದ ದರದ ಮೇಲೆ ಶೇ 18ರ ಜಿಎಸ್‌ಟಿ ಸೇರುತ್ತದೆ ಎಂಬುದೂ ನೆನಪಿರಲಿ.

ಊರಂಚಿನ ಹೊಸ ಬಡಾವಣೆಗಳಿಗೆ ಕೇಬಲ್ ಬಂದಿಲ್ಲವೆಂದರೆ 2023ರಿಂದ ಸಿಗುತ್ತಿರುವ 5ಜಿ ಏರ್‌ಫೈಬರ್, ಅಂದರೆ ಮೊಬೈಲ್ ಟವರ್‌ನಿಂದ ಕೇಬಲ್ ಇಲ್ಲದೆ ಮನೆಗೆ ಬರುವ ಇಂಟರ್ನೆಟ್, ಒಂದು ದಾರಿ. ಅಗೆತಕ್ಕೆ ಅದು ತುಂಡಾಗುವುದಿಲ್ಲ. ಆದರೆ ಟವರ್ ಎಲ್ಲರಿಗೂ ಹಂಚಿಕೆಯಾದ್ದರಿಂದ ಸಂಜೆ ವೇಗ ತಗ್ಗಬಹುದು.

ದೂರು ಕೊಡುವಾಗ ಲೈನ್‌ಮನ್‌ಗೆ ವಾಟ್ಸ್‌ಆ್ಯಪ್ ಮಾಡಿ ಸುಮ್ಮನಾಗಬಾರದು. ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಲೇಬೇಕು. ಬಹುದಿನ ಸರಿಪಡಿಸದ ದೋಷಕ್ಕೆ ತಿಂಗಳ ಶುಲ್ಕದಲ್ಲಿ ರಿಯಾಯಿತಿ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2006ರಲ್ಲೇ ನಿಯಮ ಮಾಡಿತ್ತು. ಸೇವೆಯ ಗುಣಮಟ್ಟದ ನಿಯಮಗಳನ್ನು 2024ರಲ್ಲಿ ಪರಿಷ್ಕರಿಸಿದೆ. ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು 2012ರ ನಿಯಮದಲ್ಲಿ ಅವಕಾಶವಿದೆ. ದೂರಿನ ಸಂಖ್ಯೆ ಇಲ್ಲದೆ ಇದ್ಯಾವುದನ್ನೂ ಕೇಳಲಾಗದು.

ಕೊನೆಯದಾಗಿ ಮಹಾನಗರ ಪಾಲಿಕೆಗೆ ಒಂದು ಮನವಿ. ನಮ್ಮ ಬೀದಿಯಲ್ಲಿ ಚರಂಡಿ ಅಗೆಯುವಾಗ ಯಂತ್ರದ ಹಲ್ಲಿಗೆ ಸಿಕ್ಕಿ ಫೈಬರ್ ತುಂಡಾಯಿತು. ಗುತ್ತಿಗೆದಾರರು ಕಂಪನಿಯನ್ನು, ಕಂಪನಿಯವರು ಗುತ್ತಿಗೆದಾರರನ್ನು ತೋರಿಸಿದರು; ನೆಟ್ ಇಲ್ಲದೆ ಕೂತದ್ದು ಇಡೀ ಬೀದಿಯ ಮನೆಗಳು. ಇದನ್ನು ತಪ್ಪಿಸಲೆಂದೇ 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಅಗೆಯುವವರು ಜಾಗ ನಮೂದಿಸಿದರೆ ಅಲ್ಲಿ ಕೇಬಲ್, ಪೈಪ್ ಹೂತವರಿಗೆ ಮುಂಚೆಯೇ ಸೂಚನೆ ಹೋಗುತ್ತದೆ. 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿಯಾಗಿ ಆಯ್ಕೆಯಾದ ಊರು ನಮ್ಮದು. ಇಲ್ಲಿನ ಪ್ರತಿ ರಸ್ತೆ, ಚರಂಡಿ ಟೆಂಡರ್‌ನಲ್ಲಿ ಈ ಆ್ಯಪ್ ಬಳಕೆಯನ್ನು ಷರತ್ತಾಗಿ ಸೇರಿಸಲಿ. ಕಾಂಕ್ರೀಟ್ ಹಾಕುವ ಮುನ್ನ ಎಲ್ಲ ಕಂಪನಿಗಳೂ ಬಾಡಿಗೆಗೆ ಬಳಸುವಂತೆ ಒಂದು ಖಾಲಿ ಪೈಪನ್ನೂ ಹೂಳಿಸಲಿ.

– ತೆರಿಗೆ ಸಲಹೆಗಾರ, ವಿನೋಬನಗರ, ದಾವಣಗೆರೆ