ಪುಟ್ಟಿಯ ರಜಾಚೀಟಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ನಿನ್ನ ಮೆಸೇಜಿಗೆ ಮೂರು ದಿನ ಉತ್ತರ ಬರೆಯಲಿಲ್ಲ. ಒಂದು ಸಾಲಲ್ಲಿ ಹೇಳಿ ಮುಗಿಸುವ ವಿಷಯವಾಗಿರಲಿಲ್ಲ. "ಡಿಸೆಂಬರ್‌ನಲ್ಲಿ ಬಾದಾಮಿಗೆ ಹೊರಟಿದೀವಿ, ಪುಟ್ಟಿಗೆ ಸ್ಕೂಲ್ ಇರತ್ತೆ, ಆದ್ರೆ ಇದೂ ಓದೇ ತಾನೇ, ನೀನು ಮೇಷ್ಟ್ರು, ಹೇಳು" ಅಂದಿದ್ದೀಯ. ಇದೇ ಪ್ರಶ್ನೆ ಇನ್ನೂ ಎಷ್ಟೋ ಮನೆಗಳಲ್ಲಿ ಇದೆ. ಅದಕ್ಕೇ ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ನಮ್ಮ ಟಾರ್ಚಿನ ಕತೆ ಹೊರಗೆ ಬಿಡುವುದಿಲ್ಲ, ಭಯಪಡಬೇಡ.

ಮೊದಲು ಹಾಜರಾತಿ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು. ಪುಟ್ಟಿ ಏಳನೇ ಕ್ಲಾಸು. ಬುಧವಾರ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಸೋಮವಾರ ಬೆಳಿಗ್ಗೆ ಬೆಂಗಳೂರಿಗೆ ವಾಪಸ್ಸಾದರೆ ತಪ್ಪುವುದು ಗುರುವಾರ, ಶುಕ್ರವಾರ, ಶನಿವಾರದ ಅರ್ಧ ದಿನ. 220ರಲ್ಲಿ ಎರಡೂವರೆ. ಇಷ್ಟಕ್ಕೆ ಯಾವ ಮಗುವೂ ಹಿಂದೆ ಬೀಳುವುದಿಲ್ಲ. ಎಸ್ಸೆಸ್ಸೆಲ್ಸಿ ವರ್ಷದ ಮಾತು ಬೇರೆ. ಅಲ್ಲಿ ಶೇ. 75 ಹಾಜರಾತಿಯ ನಿಯಮವಿದೆ, ಡಿಸೆಂಬರ್‌ನ ಒಂದೊಂದು ದಿನವೂ ತೂಕದ್ದು. ಆ ವರ್ಷ ಹೊರಡಬೇಡ.

ನೋಡಬೇಕಾದ್ದು ಆ ಎರಡೂವರೆ ದಿನದಲ್ಲಿ ತರಗತಿಯಲ್ಲಿ ಏನು ಶುರುವಾಗುತ್ತದೆ ಅನ್ನುವುದನ್ನು. ಸಮಾಜ ವಿಜ್ಞಾನದ ಪಾಠ ತಪ್ಪಿದರೆ ಮನೆಯಲ್ಲಿ ಓದಿಕೊಳ್ಳಬಹುದು. ಗಣಿತ ಹಾಗಲ್ಲ. ಬೀಜೋಕ್ತಿ ಪಾಠ ತೆಗೆದುಕೋ. ಸಜಾತಿ ಪದ, ವಿಜಾತಿ ಪದ ಅಂತ ಬೇರ್ಪಡಿಸಿ ತೋರಿಸುವ ಪೀರಿಯಡ್ಡು ಒಂದೋ ಎರಡೋ ಇರುತ್ತದೆ. ಅವತ್ತು ಇಲ್ಲದ ಮಗು ಮುಂದಿನ ವಾರ ಮೂರು ಎಕ್ಸ್‌ಗೆ ನಾಲ್ಕು ವೈ ಕೂಡಿಸಿ ಏಳು ಎಕ್ಸ್‌ವೈ ಅಂತ ಬರೆಯುತ್ತದೆ. ಗೆಳತಿಯ ನೋಟ್ಸನ್ನು ವಾಟ್ಸ್ಯಾಪಿನಲ್ಲಿ ತರಿಸಿ ಅಮ್ಮ ರಾತ್ರಿ ಕೂತು ಕಾಪಿ ಮಾಡಿಕೊಟ್ಟರೂ ಆ ತಪ್ಪು ಹೋಗುವುದಿಲ್ಲ. ನೋಟ್ಸಿನಲ್ಲಿ ಉತ್ತರ ಇರುತ್ತದೆಯೇ ಹೊರತು, ಎಕ್ಸನ್ನೂ ವೈಯನ್ನೂ ಯಾಕೆ ಒಟ್ಟು ಮಾಡಬಾರದು ಅಂತ ಮೇಷ್ಟ್ರು ಹೇಳಿದ ಮಾತು ಇರುವುದಿಲ್ಲ. ಹಾಗಾಗಿ ಹೊರಡುವ ಎರಡು ವಾರ ಮುಂಚೆ ಗಣಿತದ ಟೀಚರ್ ಹತ್ತಿರ ಹೋಗಿ "ಆ ವಾರ ಹೊಸದಾಗಿ ಏನಾದರೂ ಶುರು ಮಾಡ್ತೀರಾ?" ಅಂತ ಕೇಳು. "ಎಷ್ಟು ಪೋರ್ಷನ್ ಆಗತ್ತೆ?" ಅಂತ ಕೇಳಿದರೆ ಪುಟದ ಸಂಖ್ಯೆ ಸಿಗುತ್ತದೆ, ಬೇಕಾದ್ದು ಸಿಗುವುದಿಲ್ಲ. ಎರಡನೇ ಅವಧಿಯ ಎಫ್‌ಎ ಅನ್ನುವ ಸಣ್ಣ ಪರೀಕ್ಷೆಯ ತಾರೀಖನ್ನೂ ಆಗಲೇ ಕೇಳಿಕೋ. ಎರಡರಲ್ಲಿ ಒಂದು ಅಡ್ಡ ಬಂದರೂ ಪ್ರವಾಸವನ್ನು ಒಂದು ವಾರ ಮುಂದೂಡು. ಬಾದಾಮಿ ಬಂಡೆ ಎಲ್ಲಿಗೂ ಹೋಗುವುದಿಲ್ಲ.

ರಜಾಚೀಟಿಯಲ್ಲಿ "ಜ್ವರ" ಅಂತ ಬರೆಯಬೇಡ. ದಯವಿಟ್ಟು ಬೇಡ. ಸುಳ್ಳು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ತರಗತಿಯಲ್ಲಿ ನಿಂತು ನೋಡಿದವರು ಬಲ್ಲರು: ಜ್ವರ ಅಂತ ಹೇಳಿ ಹೋಗಿ ಬಂದ ಮಗು ಬಾಯಿ ಬಿಡುವುದಿಲ್ಲ. ಚಾಲುಕ್ಯರ ಪಾಠ ನಡೆಯುತ್ತಿರುತ್ತದೆ, ಗುಹೆ ಕಣ್ಣಾರೆ ಕಂಡು ಬಂದ ಹುಡುಗಿ ತಲೆ ತಗ್ಗಿಸಿ ಕೂತಿರುತ್ತಾಳೆ. ಕಂಡದ್ದನ್ನು ಹೇಳುವಂತಿಲ್ಲ. ಆಮೇಲೆ ಅದನ್ನು ಓದು ಅಂತ ಹೇಗೆ ಕರೆಯುವುದು? "ಕುಟುಂಬದೊಡನೆ ಬಾದಾಮಿಗೆ ಹೋಗುತ್ತಿರುವುದರಿಂದ ಎರಡೂವರೆ ದಿನ ರಜೆ ಕೊಡಬೇಕಾಗಿ ವಿನಂತಿ. ತಪ್ಪಿದ ಪಾಠವನ್ನು ಇಂಥ ದಿನದೊಳಗೆ ಮುಗಿಸುತ್ತೇವೆ." ಇಷ್ಟು ಸಾಕು.

ಇನ್ನು ಊರಿನ ವಿಷಯ. ಡಿಸೆಂಬರ್ ಆರಿಸಿಕೊಂಡದ್ದು ಸರಿ. ಏಪ್ರಿಲ್, ಮೇನಲ್ಲಿ ಬಾಗಲಕೋಟೆ ಕಡೆ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕಾಲಿಟ್ಟ ಮಗು ನೆರಳನ್ನು ಹುಡುಕುತ್ತದೆ, ಶಿಲ್ಪವನ್ನಲ್ಲ. ಡಿಸೆಂಬರಿನ ತೊಂದರೆ ಏನೆಂದರೆ ಶಾಲಾ ಪ್ರವಾಸದ ಬಸ್ಸುಗಳೆಲ್ಲ ಆಗಲೇ ಬರುತ್ತವೆ. ಹೊತ್ತೇರುವಷ್ಟರಲ್ಲಿ ಗುಹೆಯ ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರು.

ವಾರದ ಲೆಕ್ಕ ತಪ್ಪಬೇಡ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಬಾದಾಮಿಯಲ್ಲೊಂದು, ಐಹೊಳೆಯಲ್ಲೊಂದು ಇವೆ. ಆದ್ದರಿಂದ ಗುರುವಾರ ಬಾದಾಮಿ, ಶುಕ್ರವಾರ ಪಟ್ಟದಕಲ್ಲು ಮತ್ತು ಗುಳೇದಗುಡ್ಡ, ಶನಿವಾರ ಐಹೊಳೆ. ಭಾನುವಾರ ಯಾವುದು ಅರ್ಧ ಉಳಿದಿದೆಯೋ ಅದು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಸ್ಮಾರಕಗಳಲ್ಲಿ ಟಿಕೆಟ್ ಇಲ್ಲ. "ಅಷ್ಟು ದೂರ ಹೋಗಿ ಹಂಪಿ ಬಿಡೋದಾ, ಗೋಳಗುಮ್ಮಟ ಬಿಡೋದಾ" ಅಂತ ಮನೆಯಲ್ಲಿ ಮಾತು ಬಂದೇ ಬರುತ್ತದೆ. ಬಿಡು. ನಾಲ್ಕು ದಿನಕ್ಕೆ ಆರು ಊರು ಸೇರಿಸಿದರೆ ಮಗುವಿನ ತಲೆಯಲ್ಲಿ ಕಾರಿನ ಕಿಟಕಿ ಮಾತ್ರ ಉಳಿಯುತ್ತದೆ. ಏಳನೇ ಕ್ಲಾಸಿನ ಮಗು ಒಂದು ಕಡೆ ಗಮನವಿಟ್ಟು ನಿಲ್ಲುವುದು ಹೆಚ್ಚೆಂದರೆ ನಲವತ್ತು ನಿಮಿಷ. ಶಾಲೆಯ ಪೀರಿಯಡ್ಡೂ ಅಷ್ಟೇ. ಬೆಳಿಗ್ಗೆ ಅಂಥವು ಎರಡು, ಸಂಜೆ ಒಂದು. ಮಿಕ್ಕ ಹೊತ್ತು ಆಟ, ಊಟ, ನಿದ್ದೆ.

ಅವಳ ಚೀಲದಲ್ಲಿ ಗೆರೆಯಿಲ್ಲದ ನೂರು ಪುಟದ ಪುಸ್ತಕ, ಎರಡು ಪೆನ್ಸಿಲ್, ಅಳತೆ ಟೇಪು. ಮತ್ತೆ ಟಾರ್ಚು. ಹೌದು ಮಂಜು, ಟಾರ್ಚು. ಗುಹೆಯ ಒಳಗೋಡೆಗೆ ಬೆಳಕು ಸಾಲದು. ಫೋನು ನಿನ್ನ ಜೇಬಲ್ಲೇ ಇರಲಿ. ಮೊದಲು ಚಿತ್ರ ಬರೆಯಲಿ, ಆಮೇಲೆ ಫೋಟೋ. ಫೋಟೋ ತೆಗೆದಾದ ಮೇಲೆ ಯಾರೂ ಎರಡನೇ ಸಲ ನೋಡುವುದಿಲ್ಲ, ದೊಡ್ಡವರೂ ಅಷ್ಟೇ.

ಮೊದಲ ಗುಹೆಯ ಪಕ್ಕದಲ್ಲೇ ಕುಣಿಯುವ ಶಿವ ಇದ್ದಾನೆ. ಕೈ ಎಷ್ಟು ಅಂತ ನೀನು ಹೇಳಬೇಡ, ಎಣಿಸಲಿ. ಹದಿನೆಂಟು: ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು. "ಇದರಲ್ಲಿ 81 ಭಂಗಿ ಇವೆ" ಅಂತ ಅಲ್ಲಿನ ಗೈಡುಗಳು ಹೇಳುತ್ತಾರೆ, ಜನ ತಲೆದೂಗಿ ಮುಂದೆ ಹೋಗುತ್ತಾರೆ. ನೀನು ಅಲ್ಲೇ ನಿಲ್ಲು. 81 ಎಲ್ಲಿಂದ ಬಂತು ಅಂತ ಕೇಳು. ಅವಳು ಮೊದಲು ಹದಿನೆಂಟೇ ಅನ್ನುತ್ತಾಳೆ, ಇಲ್ಲವೇ ಒಂಬತ್ತು ಜೋಡಿ ಅನ್ನುತ್ತಾಳೆ. ಬಲಗೈಯಲ್ಲಿ ಒಂದನ್ನು ಹಿಡಿದು ಎಡಗಡೆಯ ಒಂಬತ್ತರ ಜೊತೆಗೂ ಸೇರಿಸಿ ನೋಡು ಅನ್ನು. ಪುಸ್ತಕದಲ್ಲಿ ಗೆರೆ ಎಳೆದು ಎಳೆದು ನಾಲ್ಕನೇ ಕೈಗೆ ಬರುವಷ್ಟರಲ್ಲಿ ಅವಳ ಮುಖ ನೋಡು. ಒಂಬತ್ತೊಂಬತ್ಲೆ ಎಂಬತ್ತೊಂದು ಅಂತ ಮಗ್ಗಿ ಒಪ್ಪಿಸಿದಾಗ ಆ ಮುಖ ಬರುವುದಿಲ್ಲ.

ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಶಾಸನವಿದೆ. ಶಕ 500 ಅಂತ ಇಸವಿಯನ್ನೇ ಕೆತ್ತಿದ್ದಾರೆ. ಅದಕ್ಕೆ 78 ಕೂಡಿಸಿ ಕ್ರಿ.ಶ. 578 ಅಂತ ಅವಳೇ ಮಾಡಲಿ. ಕೆರೆಯ ಆಚೆ ದಡದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ನಾವು ಬಾಯಿಪಾಠ ಮಾಡಿದ್ದು ಅಲ್ಲಿ ಕಲ್ಲಲ್ಲಿದೆ. ಬಿದ್ದಿರುವ ಕಲ್ಲಿನ ಚೂರೊಂದನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಲಿ, ಕೈಗೆ ಮರಳು ಹತ್ತುತ್ತದೆ. ಮರಳುಗಲ್ಲು ಅನ್ನುವ ಹೆಸರು ಆಗ ಪುಸ್ತಕದಿಂದ ಎದ್ದು ಬರುತ್ತದೆ. ಚೂರನ್ನು ಅಲ್ಲೇ ಬಿಟ್ಟು ಬರಲಿ. ಸಂಜೆ ಭೂತನಾಥ ಗುಡಿಯ ಮುಂದೆ ಸುಮ್ಮನೆ ಕೂತಿರಿ, ಪಾಠ ಬೇಡ.

ಪಟ್ಟದಕಲ್ಲಿನಲ್ಲಿ ಒಂದೇ ಕೆಲಸ ಕೊಡು: ಗುಡಿಗಳ ಶಿಖರದ ಹೊರಗೆರೆ ಮಾತ್ರ ಬರೆಯುವುದು. ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾವಿಡ ಶಿಖರ, ಬಾಗಿ ಏರುವ ನಾಗರ ಶಿಖರ, ಎರಡೂ ಒಂದೇ ಅಂಗಳದಲ್ಲಿವೆ. ಕಾಶಿವಿಶ್ವನಾಥನನ್ನೂ ವಿರೂಪಾಕ್ಷನನ್ನೂ ಬರೆದರೆ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಕಟ್ಟಿದವರಲ್ಲಿ ಗುಂಡ ಅನ್ನುವವನ ಹೆಸರೂ, ಸರ್ವಸಿದ್ಧಿ ಆಚಾರಿಯ ಹೆಸರೂ ಶಾಸನದಲ್ಲಿ ಉಳಿದಿವೆ. ಕೆಲಸ ಮಾಡಿದವರ ಹೆಸರು ಉಳಿಯುವುದು ಅಪರೂಪ, ಅದನ್ನು ತಪ್ಪದೆ ಹೇಳು.

ಗುಳೇದಗುಡ್ಡದಲ್ಲಿ ಖಣ, ಅಂದರೆ ರವಿಕೆ ಬಟ್ಟೆ, ನೇಯುವ ಕುಣಿಮಗ್ಗ ನೋಡಲು ಸಿಕ್ಕರೆ, ಕೇಳಿಕೊಂಡು ಒಳಗೆ ಹೋಗಿ. ನೇಕಾರರಿಗೆ ಕೂಲಿ ನೇಯ್ದ ಅಳತೆಯ ಮೇಲೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ಅವರ ಕೈ ಕಟ್ಟಬೇಡಿ. ಕುಣಿಯಲ್ಲಿ ಕಾಲು ಹೇಗೆ ತುಳಿಯುತ್ತದೆ, ತುಳಿದಾಗ ಉದ್ದಕ್ಕೆ ಬಿಗಿದ ಹಾಸಿನ ಯಾವ ಎಳೆ ಮೇಲೇಳುತ್ತದೆ, ಅದರ ಕೆಳಗೆ ಲಾಳಿ ಯಾವಾಗ ಓಡುತ್ತದೆ, ಇಷ್ಟೇ ನೋಡಲಿ. ನಿಮಿಷಕ್ಕೆ ಎಷ್ಟು ಸಲ ಲಾಳಿ ಓಡಿತು, ಬಟ್ಟೆ ಎಷ್ಟು ಬೆಳೆಯಿತು ಅಂತ ಬರೆದುಕೊಳ್ಳಲಿ.

ಐಹೊಳೆಯಲ್ಲಿ ದುರ್ಗಾ ಗುಡಿ ಅಂದ ಕೂಡಲೇ ಅವಳು ಒಳಗೆ ದೇವಿಯನ್ನು ಹುಡುಕುತ್ತಾಳೆ. ಆ ಹೆಸರು ಬಂದದ್ದು ದುರ್ಗ, ಅಂದರೆ ಕೋಟೆಯಿಂದ. ಆಮೇಲೆ ಮೇಗುಟಿ ಗುಡ್ಡ ಹತ್ತಿಸು. ಪುಲಕೇಶಿ ಹರ್ಷನನ್ನು ಸೋಲಿಸಿದ ಅಂತ ಒಂದು ಅಂಕದ ಪ್ರಶ್ನೆಗೆ ಎಲ್ಲ ಮಕ್ಕಳೂ ಬರೆಯುತ್ತಾರೆ. ಅದು ನಮಗೆ ಹೇಗೆ ಗೊತ್ತು ಅಂದರೆ ಉತ್ತರ ಈ ಗುಡ್ಡದ ಮೇಲಿದೆ. 634ರಲ್ಲಿ ರವಿಕೀರ್ತಿ ಬರೆದ ಶಾಸನ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು.

ಬಂದ ದಿನವೇ ಪ್ರಬಂಧ ಬರೆಸಬೇಡ. ಗಣಿತದ ಆರು ಲೆಕ್ಕ ಮಾಡಿಸು. ಆಮೇಲೆ ಟೀಚರನ್ನು ಕೇಳಿ ತರಗತಿಯಲ್ಲಿ ಹತ್ತು ನಿಮಿಷ ಮಾತಾಡಲು ಅವಕಾಶ ಕೊಡಿಸು. ಮಿಕ್ಕ ಮೂವತ್ತೊಂಬತ್ತು ಮಕ್ಕಳಿಗೆ ಆ 81ರ ಲೆಕ್ಕ ಹಾಕಿಕೊಟ್ಟರೆ, ಅವಳ ಎರಡೂವರೆ ದಿನಕ್ಕೆ ನಾನೇ ಹಾಜರಿ ಹಾಕಿಯೇನು.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಹಾಜರಿ ಅಂತ ಬರೆದೆ ನೋಡು, ಅಲ್ಲಿ ಪೆನ್ನು ನಿಂತಿತು.

ಐಹೊಳೆ, ಪಟ್ಟದಕಲ್ಲಿನ ದಾರಿಯಲ್ಲಿ, ಮಲಪ್ರಭೆಯ ಬದಿಯ ಹೊಲಗಳಲ್ಲಿ ನಿಮಗೆ ಕಬ್ಬು ಕಡಿಯುವವರು ಸಿಗುತ್ತಾರೆ. ಅದು ಕಬ್ಬಿನ ಹಂಗಾಮು. ಗುಳೆ ಬಂದ ಕುಟುಂಬಗಳು ಹೊಲದ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡಿರುತ್ತವೆ. ಅಲ್ಲಿ ಪುಟ್ಟಿಯ ವಯಸ್ಸಿನವಳು ಒಬ್ಬಳು ಇದ್ದೇ ಇರುತ್ತಾಳೆ, ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು. ಕಬ್ಬನ್ನು ಬುಡಕ್ಕೆ ಹತ್ತಿ ಕಡಿಯಬೇಕು, ಸಕ್ಕರೆ ಹೆಚ್ಚಿರುವುದು ಬುಡದಲ್ಲಿ ಅಂತ ಅವಳಿಗೆ ಗೊತ್ತು. ಕಟ್ಟು ಎಷ್ಟಾಯಿತು ಅಂತ ಬಾಯಲ್ಲೇ ಲೆಕ್ಕ ಇಡುತ್ತಾಳೆ. ಅವಳೂ ಶಾಲೆಯ ದಿನಗಳಲ್ಲೇ, ಅಪ್ಪ ಅಮ್ಮನ ಜೊತೆಗೇ, ಊರು ಬಿಟ್ಟು ಬಂದವಳು. ಅವಳ ಊರಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಸಾಲಾಗಿ ಗೈರು.

ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅವಳದು ಪ್ರವಾಸವಲ್ಲ, ದುಡಿಮೆ. ತಿಂಗಳುಗಟ್ಟಲೆ ಶಾಲೆ ತಪ್ಪಿದ ಮಗು ಮತ್ತೆ ಬೆಂಚಿನ ಮೇಲೆ ಕೂರುವುದೇ ಕಷ್ಟ. ಅದಕ್ಕೇ ಗುಳೆ ಬಂದವರ ಮಕ್ಕಳಿಗೆ ಅವರಿದ್ದಲ್ಲೇ ನಡೆಸುವ ಟೆಂಟ್ ಶಾಲೆಗಳು ಬಂದದ್ದು. ನನ್ನನ್ನು ಕಾಡುವುದು ಬೇರೆ. ನನ್ನ ಮೇಜಿಗೆ "ಶೈಕ್ಷಣಿಕ ಪ್ರವಾಸ" ಅಂತ ಬರೆದ ಚೀಟಿ ಬಂದರೆ ಓದಿ, ಸಂತೋಷಪಟ್ಟು, ಸಹಿ ಹಾಕುತ್ತೇನೆ. ಆ ಮಗು ಬಂದ ಮೇಲೆ "ಏನೇನು ನೋಡಿದೆ?" ಅಂತ ಕೇಳುತ್ತೇನೆ. ಗುಳೆ ಹೋದ ಮಗುವಿನ ಮನೆಯಿಂದ ಯಾರೂ ಚೀಟಿ ಬರೆದು ತರುವುದಿಲ್ಲ. ಆ ಮಗು ತಿರುಗಿ ಬಂದಾಗ ನಾನು ಕೇಳುವುದು "ಇಷ್ಟು ದಿನ ಎಲ್ಲಿ ಹೋಗಿದ್ದೆ?" ಅಂತ. ಎರಡೂ ಪ್ರಶ್ನೆ ನನ್ನವೇ. ಒಂದಕ್ಕೆ ಮಗು ಮುಖ ಎತ್ತಿ ಉತ್ತರ ಕೊಡುತ್ತದೆ, ಇನ್ನೊಂದಕ್ಕೆ ನೆಲ ನೋಡುತ್ತದೆ. ಏನು ನೋಡಿದೆ, ಏನು ಕಲಿತೆ ಅಂತ ಆ ಮಗುವನ್ನೂ ಕೇಳಬಹುದಿತ್ತು. ಇಷ್ಟು ವರ್ಷ ಕೇಳಿಲ್ಲ, ಮಂಜು. ನಿನ್ನ ಮೆಸೇಜಿಗೆ ಮೂರು ದಿನ ಉತ್ತರ ಬರೆಯದೆ ಇದ್ದದ್ದು ಇದಕ್ಕೇ. ಇದನ್ನು ಎಲ್ಲರೂ ಓದುವ ಕಡೆ ಬರೆಯುತ್ತೇನೆ ಅಂದುಕೊಂಡಿರಲಿಲ್ಲ.

ಆ ಹುಡುಗಿ ಕಣ್ಣಿಗೆ ಬಿದ್ದರೆ ಕಾರು ನಿಲ್ಲಿಸಿ ಫೋಟೋ ತೆಗೆಯಬೇಡಿ. "ನೋಡು, ನೀನೆಷ್ಟು ಪುಣ್ಯವಂತೆ" ಅಂತ ಪುಟ್ಟಿಗೆ ಹೇಳಲೂ ಬೇಡ. ಅವಳೇ ಏನಾದರೂ ಕೇಳಿದರೆ, ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡು.

ಸರಿ, ಟಿಕೆಟ್ ಮಾಡಿಸಿದೆಯೋ ಇಲ್ಲವೋ? ಡಿಸೆಂಬರಿನಲ್ಲಿ ಸೀಟು ಬೇಗ ತುಂಬುತ್ತದೆ. ಬಾದಾಮಿ ಸ್ಟೇಷನ್ನು ಊರಿಂದ ಐದು ಕಿಲೋಮೀಟರ್ ಆಚೆ, ಬೆಳಗಿನ ಚಳಿಗೆ ಪುಟ್ಟಿಗೊಂದು ಸ್ವೆಟರ್ ಕೈಗೆ ಸಿಗುವ ಹಾಗೆ ಇಟ್ಟಿರು. ಗುಹೆ ಹತ್ತುವಾಗ ಪ್ಲಾಸ್ಟಿಕ್ ಕವರು ಕೈಯಲ್ಲಿ ಬೇಡ, ಕೋತಿಗಳು ಕಿತ್ತುಕೊಳ್ಳುವುದು ಅದನ್ನೇ. ಖಾನಾವಳಿಯಲ್ಲಿ ರೊಟ್ಟಿ ಕೇಳುವಾಗ ಕಟಕ್ ಬೇಕಾ ಮೆತ್ತಗಿನದು ಬೇಕಾ ಅಂತ ಕೇಳುತ್ತಾರೆ, ಸುಮಾಗೆ ಮೆತ್ತಗಿನದೇ ಹೇಳು. ಮತ್ತೆ ಗುಳೇದಗುಡ್ಡದಿಂದ ನಮ್ಮನೆಗೆ ಎರಡು ಖಣ ತಾ. ಒಂದು ಕೆಂಪು ಇರಲಿ, ಇನ್ನೊಂದು ಪುಟ್ಟಿ ಆರಿಸಿದ್ದು.

ನಿನ್ನ,
ಮೂರನೇ ಬೆಂಚಿನವ